ಒಂಟಿತನದ ಬಾವಿ: ವಾಚ್ಯಕ್ಕೆ ತೆತ್ತ ಬೆಲೆ

ಆಂಗ್ಲ ಸಾಹಿತ್ಯದ ಚರಿತ್ರೆಯಲ್ಲಿ 1928ನೆಯ ಇಸವಿಯು ಒಂದು ವಿಶೇಷದಿಂದ ಗಮನಾರ್ಹವಾಗಿದೆ. ಹೆಣ್ಣು ಹೆಣ್ಣನ್ನು ಪ್ರೀತಿಸುವ ವಿಷಯವನ್ನು ವಸ್ತುವಾಗಿ ಉಳ್ಳ ನಾಲ್ಕು ಗ್ರಂಥಗಳು ಆ ಒಂದೇ ವರ್ಷದಲ್ಲಿ ಹೊರಬಂದುವು. ಕಾಂಪ್ಟನ್ ಮೆಕೆಂಜಿ ಎಂಬಾತನು ‘ಎಕ್ಸ್‌ಟ್ರಾರ್ಡಿನರಿ ವಿಮೆನ್’ ಎಂಬ ಕಾದಂಬರಿಯಲ್ಲಿ ದ್ವೀಪವೊಂದರಲ್ಲಿ ನೆಲಸಿದ ಇಂಥ ಸ್ತ್ರೀಯರ ಮಂಡಲಿಯನ್ನು ನಗೆಗೀಡುಮಾಡಿದನು. ಅಮೆರಿಕದ ಲೇಖಕಿ ಜೂನಾ ಬಾರ್ನ್ಸ್ ಎಂಬಾಕೆ ಪ್ಯಾರಿಸ್ಸಿನ ತನ್ನ ಗೆಳತಿಯರನ್ನು ಕುರಿತು ಹಳೆಯ ಪಂಚಾಂಗದ ಮಾದರಿಯಲ್ಲಿ ‘ಲೇಡೀಸ್ ಅಲ್ಮನ್ಯಾಕ್’ ಎಂಬ ಹಾಸ್ಯಗ್ರಂಥವನ್ನು ಬರೆದು, ತನ್ನ ಹೆಸರನ್ನು ಮರೆಮಾಡಿ, ಖಾಸಗಿಯಾಗಿ ಅಚ್ಚುಹಾಕಿಸಿದಳು. ವರ್ಜೀನಿಯಾ ವುಲ್ಫ್ ತನ್ನ ಪ್ರಿಯಸ್ನೇಹಿತೆಯಾದ ವೀಟಾ ಸ್ಯಾಕ್‌ವಿಲ್-ವೆಸ್ಟ್ ಎಂಬಾಕೆಗೆ ‘ಒರ್ಲ್ಯಾಂಡೊ’ವನ್ನು ಅಂಕಿತಮಾಡಿದಳು, ಅದರಲ್ಲಿ ನಾಯಕನು ಶತಮಾನಗಳ ನಡುವೆ ನಿದ್ರೆಯಿಂದೆದ್ದು ನಾಯಿಕೆಯಾಗಿಬಿಡುತ್ತಾನೆ. ನಾಲ್ಕನೆಯದು ರ‍್ಯಾಡ್‌ಕ್ಲಿಫ್ ಹಾಲ್ ಎಂಬಾಕೆಯ ‘ದಿ ವೆಲ್ ಆಫ್ ಲೋನ್ಲಿನೆಸ್’, ಎಂದರೆ ‘ಒಂಟಿತನದ ಬಾವಿ’. ಮೊದಲ ಮೂರು ಗ್ರಂಥಗಳೂ ನ್ಯಾಯಸ್ಥಾನದ ಮೆಟ್ಟಿಲನ್ನು ಹತ್ತದೆ ಉಳಿದುವು. ನಾಲ್ಕನೆಯದನ್ನು ನಾಶಮಾಡಬೇಕೆಂದು ಲಂಡನ್ನಿನ ನ್ಯಾಯಾಧೀಶನೊಬ್ಬನು ಅಪ್ಪಣೆಮಾಡಿದನು.

ಇದಕ್ಕೆ ಕಾರಣವೇನು? ವಸ್ತುವಂತೂ ಅಲ್ಲ, ಅದು ನಾಲ್ಕರಲ್ಲಿಯೂ ಒಂದೇ. ವರ್ಣನೆಯ ಬಿಚ್ಚುತನವೂ ಅಲ್ಲ. ಶಿಕ್ಷೆಗೆ ಗುರಿಯಾದ ಗ್ರಂಥದಲ್ಲಿ, ಇಬ್ಬರು ಆ ರಾತ್ರಿ ಅಗಲಲಿಲ್ಲವೆಂಬ ಒಂದು ಸಣ್ಣ ವಾಕ್ಯಕ್ಕಿಂತ ಹೆಚ್ಚಿನದೇನೂ ಇಲ್ಲ. ಕನ್ನಡದ ಹಳೆಯ ಕಾವ್ಯಗಳ ಅಷ್ಟಾದಶವರ್ಣನೆಗಳಲ್ಲಿ ಪಳಗಿದ ವಾಚಕನಿಗೆ ಅದು ಶುಷ್ಕವಾಗಿಯೇ ತೋರುವುದು. ಭೇದವಿರುವುದು ಹೇಳಿದ ರೀತಿಯಲ್ಲಿ. ಮೆಕೆಂಜಿ ನಕ್ಕನು, ಬಾರ್ನ್ಸ್ ಒಗಟುಮಾಡಿದಳು, ವುಲ್ಫ್ ವೇಷ ತೊಡಿಸಿದಳು; ಹಾಲ್ ಮಾತ್ರ ನಗದೆ, ಮರೆಯಿಲ್ಲದೆ, ‘ಇವರೂ ಮನುಷ್ಯರು, ಇವರಿಗೂ ಬಾಳುವ ಹಕ್ಕುಂಟು’ ಎಂಬ ಅರ್ಥವನ್ನು ನೇರವಾಗಿ ಹೇಳಿದಳು. ಆಲಂಕಾರಿಕರ ಪರಿಭಾಷೆಯಲ್ಲಿ, ಉಳಿದವರು ವ್ಯಂಗ್ಯವನ್ನು ಆಶ್ರಯಿಸಿದರು, ಈಕೆ ವಾಚ್ಯವನ್ನು ಹಿಡಿದಳು. ಧ್ವನಿಗೆ ಅಗ್ರಸ್ಥಾನವನ್ನು ಕೊಟ್ಟ ಆನಂದವರ್ಧನನ ಸಂಪ್ರದಾಯದಲ್ಲಿ ಬೆಳೆದವರಿಗೆ ವಾಚ್ಯವು ಕೀಳ್ತರದ್ದೆಂದು ಎಣಿಸುವುದು ಅಭ್ಯಾಸವಾಗಿದೆ. ಆದರೆ ಕೆಲವು ಬಾಳುಗಳ ಪಾಲಿಗೆ ಧ್ವನಿಯು ಬಹುಕಾಲ ಸೆರೆಮನೆಯೇ ಆಗಿದ್ದಿತು. ಅಂಥ ಬಾಳನ್ನು ಕುರಿತು ಮೊದಲು ಬಾಯಿಬಿಟ್ಟು ಆಡಿದ ಕೃತಿಯನ್ನು ಯಾವ ತಕ್ಕಡಿಯಲ್ಲಿ ತೂಗಬೇಕೆಂಬುದು ವಿಮರ್ಶೆಗೆ ಸುಲಭವಾದ ಪ್ರಶ್ನೆಯಲ್ಲ.

ಈ ಪ್ರೇಮಕ್ಕೆ ಯೂರೋಪಿನ ಭಾಷೆಗಳಲ್ಲಿ ಸಂದಿರುವ ‘ಲೆಸ್ಬಿಯನ್’ ಎಂಬ ಹೆಸರೇ ಕಾವ್ಯದಿಂದ ಬಂದದ್ದು. ಕ್ರಿಸ್ತಪೂರ್ವ 600ರ ಸುಮಾರಿನಲ್ಲಿ ಗ್ರೀಸಿನ ಲೆಸ್ಬೋಸ್ ದ್ವೀಪದಲ್ಲಿದ್ದ ಕವಯಿತ್ರಿ ಸ್ಯಾಫೋ ತನ್ನ ಒಡನಾಡಿಗಳಾದ ತರುಣಿಯರನ್ನು ಕುರಿತು ಹಾಡಿದಳು. ಪ್ರಾಚೀನರು ಆಕೆಯನ್ನು ಮಹಾಕವಿಗಳ ಸಾಲಿನಲ್ಲಿ ನಿಲ್ಲಿಸಿದ್ದರು. ಆದರೆ ಆಕೆಯ ಕೃತಿಗಳಲ್ಲಿ ಬಹುಪಾಲು ನಷ್ಟವಾಗಿ ಹೋಗಿ, ಆಫ್ರೊಡೈಟೀ ದೇವಿಯನ್ನು ಕುರಿತ ಒಂದು ಸ್ತೋತ್ರ ಮಾತ್ರ ಪೂರ್ಣವಾಗಿ ಉಳಿಯಿತು. ಅದೂ ಅಲಂಕಾರಶಾಸ್ತ್ರದ ಗ್ರಂಥವೊಂದರಲ್ಲಿ ಉದಾಹರಣೆಯಾಗಿ ಸೇರಿಕೊಂಡಿದ್ದರಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿಯ ಕಸದ ದಿಬ್ಬಗಳಲ್ಲಿ ಅಗೆದು ತೆಗೆದ ಪಪೈರಸ್ ಚೂರುಗಳಲ್ಲಿ ಆಕೆಯ ಮುರುಕು ಸಾಲುಗಳು ಮತ್ತೆ ದೊರೆಯತೊಡಗಿದುವು. ಆ ಹೊತ್ತಿಗೆ ಹೆಸರು ಕವಯಿತ್ರಿಯನ್ನು ಬಿಟ್ಟು ವೈದ್ಯರ ಕೈಗೆ ಹೋಗಿದ್ದಿತು. ಕ್ರಾಫ್ಟ್-ಎಬಿಂಗ್, ಹ್ಯಾವ್‌ಲಾಕ್ ಎಲ್ಲಿಸ್ ಮೊದಲಾದವರ ಗ್ರಂಥಗಳಲ್ಲಿ ಅದು ಒಂದು ಲಕ್ಷಣವಾಗಿ, ರೋಗಿಗಳ ವೃತ್ತಾಂತವಾಗಿ ಬರುತ್ತಿದ್ದಿತು.

ಇಂಗ್ಲೆಂಡಿನ ಕಾಯಿದೆಯು ಗಂಡಸರ ನಡುವಣ ಸಂಬಂಧವನ್ನು ಅಪರಾಧವೆಂದು ಸಾರಿದ್ದರೂ ಹೆಂಗಸರ ವಿಷಯದಲ್ಲಿ ಮೌನವಾಗಿದ್ದಿತು. ಇದು ಔದಾರ್ಯವೆಂದು ಭ್ರಮಿಸಬೇಕಾಗಿಲ್ಲ. 1921ರಲ್ಲಿ ಹೆಂಗಸರಿಗೂ ಅದೇ ಶಿಕ್ಷೆಯನ್ನು ವಿಸ್ತರಿಸುವ ಒಂದು ವಿಧಿಯು ಕಾಮನ್ಸ್ ಸಭೆಯಲ್ಲಿ ಅಂಗೀಕೃತವಾಗಿ ಲಾರ್ಡ್ಸ್ ಸಭೆಗೆ ಹೋಯಿತು. ಅಲ್ಲಿಯ ಹಿರಿಯರು ಅದನ್ನು ತಳ್ಳಿಹಾಕಿದರು. ಸಾವಿರ ಸ್ತ್ರೀಯರಲ್ಲಿ 999 ಮಂದಿ ಇಂಥದೊಂದು ಉಂಟೆಂಬುದನ್ನು ಕೇಳಿಯೇ ಇಲ್ಲ, ಕಾಯಿದೆ ಮಾಡಿ ಅವರಿಗೆ ತಿಳಿಯಪಡಿಸುವುದೇ ಅಪಾಯ, ಎಂಬುದು ಅವರ ವಾದದ ಸಾರ. ಶಿಕ್ಷೆಗಿಂತ ಮೌನವೇ ಗಟ್ಟಿಯಾದ ಬೇಲಿಯೆಂದು ಅವರು ಬಲ್ಲವರಾಗಿದ್ದರು. ಏಳು ವರ್ಷಗಳ ಅನಂತರ ಹಾಲ್ ಮುರಿದದ್ದು ಈ ಬೇಲಿಯನ್ನು.

ಆಕೆ ಹುಟ್ಟಿದ್ದು 1880ರಲ್ಲಿ, ಸ್ಥಿತಿವಂತರ ಕುಟುಂಬದಲ್ಲಿ. ಉಡುಪು ಗಂಡಸಿನ ಧಾಟಿಯದು. ಆಪ್ತರು ‘ಜಾನ್’ ಎಂದು ಕರೆಯುತ್ತಿದ್ದರು. ಮತದಲ್ಲಿ ನಿಷ್ಠೆಯುಳ್ಳ ಕ್ಯಾಥೊಲಿಕ್. ಊನಾ ಟ್ರೂಬ್ರಿಜ್ ಎಂಬಾಕೆಯೊಡನೆ ಬಾಳುವೆಯ ಕೊನೆಯವರೆಗೆ, ಎಂದರೆ 1943ರವರೆಗೆ, ಬಾಳಿದಳು. 1926ರ ‘ಆಡಮ್ಸ್ ಬ್ರೀಡ್’ ಎಂಬ ಕಾದಂಬರಿಗೆ ಎರಡು ದೊಡ್ಡ ಬಹುಮಾನಗಳು ಬಂದು ಕೀರ್ತಿಯು ಭದ್ರವಾಗಿದ್ದಿತು. ಆ ಕೀರ್ತಿಯನ್ನು ಪಣವಾಗಿಟ್ಟು ಈ ಗ್ರಂಥವನ್ನು ಬರೆದಳು. ಒಂದು ಮಾತನ್ನೂ ಬದಲಿಸಲೊಪ್ಪೆನೆಂದು ಪ್ರಕಾಶಕನಿಗೆ ಮೊದಲೇ ತಿಳಿಸಿದಳು.

ಕಥೆಯ ಸಾರವಿಷ್ಟು. ಮಾಲ್ವರ್ನ್ ಬೆಟ್ಟಗಳ ಸಮೀಪದ ಮಾರ್ಟನ್ ಎಂಬ ಜಮೀನುದಾರಿಯ ಮನೆಯಲ್ಲಿ ಗಂಡುಮಗುವನ್ನು ನಿರೀಕ್ಷಿಸಿದ್ದ ದಂಪತಿಗಳಿಗೆ ಹೆಣ್ಣು ಹುಟ್ಟುತ್ತದೆ. ತಂದೆ ಸರ್ ಫಿಲಿಪ್ ಆಯ್ದಿಟ್ಟಿದ್ದ ‘ಸ್ಟೀಫನ್’ ಎಂಬ ಗಂಡುಹೆಸರನ್ನೇ ಮಗಳಿಗೆ ಇಡುತ್ತಾನೆ. ಮಗಳು ಕುದುರೆಯ ಸವಾರಿ, ಬೇಟೆ, ಕತ್ತಿವರಸೆಗಳಲ್ಲಿ ಬೆಳೆಯುತ್ತಾಳೆ. ಏಳು ವರ್ಷದವಳಾಗಿ ಮನೆಗೆಲಸದ ಹುಡುಗಿಯನ್ನು ಪ್ರೀತಿಸುತ್ತಾಳೆ. ದೊಡ್ಡವಳಾಗಿ ಮಾರ್ಟಿನ್ ಎಂಬ ಸ್ನೇಹಿತನು ಕೈಹಿಡಿಯಲು ಬಂದಾಗ ಹೆದರಿ ಓಡುತ್ತಾಳೆ. ಮುಂದೆ ನೆರೆಯವನ ಹೆಂಡತಿಯಾದ ಆಂಜೆಲಾಳನ್ನು ಪ್ರೀತಿಸಿ ವಂಚಿತಳಾಗುತ್ತಾಳೆ. ಪತ್ರವು ತಾಯಿಯ ಕೈಗೆ ಸೇರಿ, ಹುಟ್ಟಿದ ಮನೆಯು ತಪ್ಪಿಹೋಗುತ್ತದೆ. ಲೇಖಕಿಯಾಗಿ ಪ್ಯಾರಿಸ್ಸಿನಲ್ಲಿ ನೆಲಸಿ, ಮಹಾಯುದ್ಧದಲ್ಲಿ ಗಾಯಾಳುಗಳ ಬಂಡಿಯನ್ನು ನಡೆಸುವ ಪಡೆಯನ್ನು ಸೇರಿ, ಅಲ್ಲಿ ಮೇರಿ ಲೆವೆಲಿನ್ ಎಂಬ ತರುಣಿಯನ್ನು ಕಾಣುತ್ತಾಳೆ. ಇಬ್ಬರೂ ಮನೆ ಹೂಡುತ್ತಾರೆ. ಆದರೆ ಮರ್ಯಾದಸ್ಥರ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಉಳಿಯುವುದು ರಾತ್ರಿಯ ಪಾನಗೃಹಗಳು. ಮೇರಿಯ ಮುಖ ಕಠಿನವಾಗುತ್ತಿರುವುದನ್ನು ಕಂಡ ಸ್ಟೀಫನ್, ಮರಳಿಬಂದ ಮಾರ್ಟಿನ್ನನು ಅವಳನ್ನು ಪ್ರೀತಿಸುವನೆಂದು ತಿಳಿದು, ತಾನು ಬೇರೊಬ್ಬಳಲ್ಲಿ ಅನುರಕ್ತಳೆಂದು ಸುಳ್ಳುಹೇಳಿ ಮೇರಿಯನ್ನು ಅವನ ಕಡೆಗೆ ದೂಡುತ್ತಾಳೆ. ಕೊನೆಯಲ್ಲಿ ತನ್ನಂಥವರೆಲ್ಲರ ಪರವಾಗಿ ದೇವರಲ್ಲಿ ಮೊರೆಯಿಡುತ್ತಾಳೆ.

ಗ್ರಂಥದ ಅತ್ಯುತ್ತಮ ಭಾಗ ಮೊದಲನೆಯ ಮೂರರಲ್ಲೊಂದು ಪಾಲು. ಮಗಳು ಏನೆಂಬುದು ತಂದೆಗೆ ಗೊತ್ತು. ವೈದ್ಯಗ್ರಂಥಗಳನ್ನು ತರಿಸಿ, ರಾತ್ರಿಯಲ್ಲಿ ಓದಿ, ಅಂಚಿನಲ್ಲಿ ಟಿಪ್ಪಣಿ ಬರೆದು, ಅಲಮಾರಿಯಲ್ಲಿಟ್ಟು ಬೀಗ ಹಾಕುತ್ತಾನೆ. ಹೆಂಡತಿಗೂ ಹೇಳುವುದಿಲ್ಲ, ಮಗಳಿಗೂ ಹೇಳುವುದಿಲ್ಲ. ಹೇಳದಿರುವುದೇ ದಯೆಯೆಂದು ನಂಬಿರುತ್ತಾನೆ. ಹಿಮದ ಭಾರಕ್ಕೆ ಮುರಿದ ಹಳೆಯ ದೇವದಾರಿನ ಕೊಂಬೆಯು ಮೇಲೆ ಬಿದ್ದು ಸಾಯುವಾಗ ಹೆಂಡತಿಗೆ ಆ ಮಾತನ್ನು ಆಡಲು ಹೆಣಗಿ, ಅರ್ಧದಲ್ಲೇ ಉಸಿರು ನಿಲ್ಲುತ್ತದೆ. ಕೆಲವು ವರ್ಷಗಳ ಮೇಲೆ, ಮನೆಯಿಂದ ಹೊರಡುವ ರಾತ್ರಿ, ಮಗಳು ಆ ಬೀಗವನ್ನು ತೆಗೆದು, ಪುಸ್ತಕದ ಅಂಚಿನಲ್ಲಿ ತಂದೆಯ ಕೈಬರಹದಲ್ಲಿ ತನ್ನ ಹೆಸರನ್ನು ಕಾಣುತ್ತಾಳೆ. ಲಾರ್ಡ್ಸ್ ಸಭೆಯ ಹಿರಿಯರು ಇಡೀ ದೇಶಕ್ಕೆ ಮಾಡಿದ್ದನ್ನು ಸರ್ ಫಿಲಿಪ್ ತನ್ನ ಮನೆಗೆ ಮಾಡಿದನು, ಅವರಲ್ಲಿದ್ದದ್ದು ಭಯ, ಇವನಲ್ಲಿದ್ದದ್ದು ಪ್ರೀತಿ, ಫಲ ಒಂದೇ. ಈ ಸಂದರ್ಭದಲ್ಲಿ ಗ್ರಂಥಕರ್ತ್ರಿಯು ಏನನ್ನೂ ವಾದಿಸುವುದಿಲ್ಲ. ಬೀಗ, ಪುಸ್ತಕ, ಕೈಬರಹ, ಇಷ್ಟೇ. ಕರುಣರಸವು ತಾನಾಗಿ ಒಸರುತ್ತದೆ. ಮುದಿಯಾದ ಕುದುರೆ ರ‍್ಯಾಫ್ಟರಿಯನ್ನು ಸ್ಟೀಫನ್ ತನ್ನ ಕೈಯಿಂದಲೇ ಗುಂಡಿಟ್ಟು ಸಂಕಟದಿಂದ ಬಿಡಿಸುವ ಪ್ರಕರಣವೂ ಇದೇ ಮಟ್ಟದ್ದು.

ಪ್ಯಾರಿಸ್ಸಿಗೆ ಬಂದಮೇಲೆ ಕಾದಂಬರಿ ಕುಗ್ಗುತ್ತದೆ. ಪಾತ್ರಗಳು ಒಬ್ಬೊಬ್ಬರಾಗಿ ಬಂದು ತಮ್ಮ ದುಃಖವನ್ನು ಸಾಕ್ಷಿಹೇಳಿ ಹೋಗುವಂತೆ ಭಾಸವಾಗುವುದು. ಸ್ಕಾಟ್ಲೆಂಡಿನ ಇಬ್ಬರು ಬಡ ಗೆಳತಿಯರಲ್ಲಿ ಒಬ್ಬಳು ರೋಗದಿಂದ ಸಾಯುತ್ತಾಳೆ, ಇನ್ನೊಬ್ಬಳು ಗುಂಡಿಟ್ಟುಕೊಳ್ಳುತ್ತಾಳೆ. ವಾಚಕನಿಗೆ ಅವರ ಪರಿಚಯವಾಗುವುದಕ್ಕಿಂತ ಮೊದಲೇ ಅವರು ದೃಷ್ಟಾಂತಗಳಾಗಿ ಬಿಟ್ಟಿರುತ್ತಾರೆ. ಬೈಬಲಿನ ಗಾಂಭೀರ್ಯವನ್ನು ಅನುಕರಿಸಹೊರಟ ಗದ್ಯವು ಉಬ್ಬಿ ಉಬ್ಬಿ ಭಾರವಾಗುತ್ತದೆ. ನಗುವೆಂಬುದು ಐದು ಖಂಡಗಳ ಈ ಗ್ರಂಥದಲ್ಲಿ ಬಲು ದುರ್ಲಭ. ಇದು ಸಣ್ಣ ದೋಷವಲ್ಲ. ಕೋರ್ಟಿನ ಮುಂದೆ ನಿಂತವಳಂತೆ ಲೇಖಕಿ ಬರೆದಳು, ಕೋರ್ಟು ಕರೆಯುವುದಕ್ಕಿಂತ ಮೊದಲೇ.

ಕರೆಯು ಬರಲು ತಡವಾಗಲಿಲ್ಲ. ಜೊನಾಥನ್ ಕೇಪ್ ಎಂಬ ಪ್ರಕಾಶಕನು 1928ರ ಜುಲೈ 27ರಂದು, ಸಾಮಾನ್ಯ ಕಾದಂಬರಿಯ ಬೆಲೆಗೆ ಇಮ್ಮಡಿಯಾದ 15 ಷಿಲಿಂಗಿನ ಕ್ರಯವಿಟ್ಟು, ಕಪ್ಪು ರಟ್ಟಿನ ಗಂಭೀರ ವೇಷದಲ್ಲಿ, ಹ್ಯಾವ್‌ಲಾಕ್ ಎಲ್ಲಿಸನ ಪ್ರಶಂಸೆಯ ನಾಲ್ಕು ಮಾತುಗಳೊಡನೆ ಗ್ರಂಥವನ್ನು ಹೊರತಂದನು. ಮೊದಲ ವಿಮರ್ಶೆಗಳು ಶಾಂತವಾಗಿದ್ದುವು. ಆಗಸ್ಟ್ 19ರಂದು ‘ಸಂಡೇ ಎಕ್ಸ್‌ಪ್ರೆಸ್’ ಪತ್ರಿಕೆಯ ಸಂಪಾದಕ ಜೇಮ್ಸ್ ಡಗ್ಲಸನು, ಆರೋಗ್ಯವಂತರಾದ ಹುಡುಗ ಹುಡುಗಿಯರಿಗೆ ಈ ಕಾದಂಬರಿಯನ್ನು ಕೊಡುವುದಕ್ಕಿಂತ ವಿಷದ ಸೀಸೆಯನ್ನು ಕೊಡುವುದು ಲೇಸೆಂದು ಬರೆದನು. ಪ್ರಕಾಶಕನು ಅಂಜಿ ಪುಸ್ತಕವನ್ನು ಗೃಹಮಂತ್ರಿ ಜಾಯ್ನ್‌ಸನ್-ಹಿಕ್ಸನ ಪರಿಶೀಲನೆಗೆ ತಾನಾಗಿ ಕಳುಹಿಸಿದನು. ಬಾಯಲ್ಲಿ ತಲೆಯಿಟ್ಟು ಸಿಂಹವನ್ನು ಅಭಿಪ್ರಾಯ ಕೇಳಿದಂತಾಯಿತು. ಮಾರಾಟ ನಿಂತಿತು. ಅಚ್ಚಿನ ಮೊಳೆಗಳ ಪಡಿಯಚ್ಚು ಗುಟ್ಟಾಗಿ ಪ್ಯಾರಿಸ್ಸಿಗೆ ಹೋಗಿ, ಅಲ್ಲಿಂದ ಪುಸ್ತಕಗಳು ಮತ್ತೆ ಕಡಲನ್ನು ದಾಟಿ ಬಂದುವು, ಸರ್ಕಾರ ಹಿಡಿದುಕೊಂಡಿತು. ನವೆಂಬರ್ 9ರಂದು ಬೋ ಸ್ಟ್ರೀಟಿನ ನ್ಯಾಯಸ್ಥಾನದಲ್ಲಿ ಸರ್ ಚಾರ್ಟ್ರಿಸ್ ಬೈರನ್ನನ ಮುಂದೆ ವಿಚಾರಣೆಗೆ ಬಂದಿತು.

ಪ್ರತಿವಾದಿಗಳು ಸುಮಾರು 40 ಮಂದಿ ಸಾಕ್ಷಿಗಳನ್ನು ಕೂಡಿಸಿದ್ದರು. ವುಲ್ಫ್, ಇ. ಎಂ. ಫಾರ್ಸ್ಟರ್ ಮೊದಲಾದ ಲೇಖಕರು ಬಂದು ಕುಳಿತಿದ್ದರು. ಗ್ರಂಥವು ಅಶ್ಲೀಲವೋ ಅಲ್ಲವೋ ಎಂಬುದು ಅವರ ಅಭಿಪ್ರಾಯದಿಂದ ತೀರ್ಮಾನವಾಗತಕ್ಕದ್ದಲ್ಲವೆಂದು ನ್ಯಾಯಾಧೀಶನು ಒಬ್ಬರ ಮಾತನ್ನೂ ಕೇಳಲಿಲ್ಲ. ವಕೀಲ ನಾರ್ಮನ್ ಬರ್ಕೆಟ್ಟನು ಕಥೆಯ ಸಂಬಂಧಗಳು ಕೇವಲ ಭಾವನಾತ್ಮಕ ಸ್ನೇಹಗಳೆಂದು ವಾದಿಸಿದಾಗ ಗ್ರಂಥಕರ್ತ್ರಿ ಸಿಟ್ಟಿನಿಂದ ಕಣ್ಣೀರಿಟ್ಟು, ಮಧ್ಯಾಹ್ನದ ಊಟದ ಬಿಡುವಿನ ಅನಂತರ ಆ ವಾದವನ್ನು ಹಿಂತೆಗೆಯುವಂತೆ ಮಾಡಿದಳು. ಗೆಲ್ಲಲು ಇದ್ದ ಒಂದೇ ದಾರಿಯನ್ನು ಆಕೆ ತಾನಾಗಿ ಮುಚ್ಚಿದಳು. ವ್ಯಂಗ್ಯಾರ್ಥದ ಆಶ್ರಯದಲ್ಲಿ ಬಿಡುಗಡೆ ಪಡೆಯುವುದಕ್ಕಿಂತ ವಾಚ್ಯಾರ್ಥಕ್ಕಾಗಿ ಶಿಕ್ಷೆಯನ್ನು ಅನುಭವಿಸುವುದನ್ನು ಆರಿಸಿಕೊಂಡದ್ದು ಈ ಗ್ರಂಥದ ಚರಿತ್ರೆಯಲ್ಲೆಲ್ಲ ಅತ್ಯಂತ ಘನವಾದ ಕ್ಷಣ. ಸಾಹಿತ್ಯದ ಸೊಗಸಿದ್ದಷ್ಟೂ ವಿಷವು ಹೆಚ್ಚು ರುಚಿಕರವಾಗುವುದೆಂಬ ಅಭಿಪ್ರಾಯದೊಡನೆ ನವೆಂಬರ್ 16ರಂದು ಬೈರನ್ ತೀರ್ಪಿತ್ತನು. ಡಿಸೆಂಬರ್ 14ರಂದು ಮೇಲುಮನವಿಯೂ ಬಿದ್ದುಹೋಯಿತು.

ಇಲ್ಲಿ ಅಶ್ಲೀಲವೆಂಬ ಮಾತಿನ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡುವುದು ಉಚಿತ. ಸಂಸ್ಕೃತ ಆಲಂಕಾರಿಕರು ವ್ರೀಡಾ, ಜುಗುಪ್ಸಾ, ಅಮಂಗಲ ಎಂಬ ಮೂರು ಬಗೆಯ ಅಶ್ಲೀಲವನ್ನು ಕಾವ್ಯದೋಷಗಳಲ್ಲಿ ಎಣಿಸಿದರು. ದೋಷವು ಮಾತಿನಲ್ಲಿದೆ, ಮಾತನ್ನು ಬೆರಳಿಟ್ಟು ತೋರಿಸಬೇಕು. 1868ರ ಹಿಕ್ಲಿನ್ ಪ್ರಕರಣದಿಂದ ಬಂದ ಇಂಗ್ಲೆಂಡಿನ ಸೂತ್ರವು ಹಾಗಲ್ಲ: ಯಾರ ಮನಸ್ಸು ಕೆಡಲು ತೆರೆದಿದೆಯೋ ಅಂಥವರನ್ನು ಕೆಡಿಸುವ ಪ್ರವೃತ್ತಿ ಇದ್ದರೆ ಗ್ರಂಥವು ಅಶ್ಲೀಲ. ದೋಷವು ಪದವನ್ನು ಬಿಟ್ಟು, ಎಲ್ಲಿಯೂ ಕಾಣದ ದುರ್ಬಲ ವಾಚಕನೊಬ್ಬನ ಹೃದಯಕ್ಕೆ ವರ್ಗವಾಯಿತು. ಹಾಲ್ ಬರೆದದ್ದರಲ್ಲಿ ಒಂದು ಕೆಟ್ಟ ಪದವಿಲ್ಲ. ಇಂಥ ಪ್ರೇಮವು ನಿಂದ್ಯವಲ್ಲವೆಂದು ಹೇಳಿದ್ದೇ ದೋಷವಾಯಿತು. ಮೆಕೆಂಜಿಯ ಗ್ರಂಥ ಅದನ್ನೇ ನಗೆಗೀಡಾಗಿ ತೋರಿಸಿದ್ದರಿಂದ ನಿರಪಾಯವಾಯಿತು. ನಗಬಹುದು, ನಿಂದಿಸಬಹುದು, ಮರೆಯಲ್ಲಿ ಸೂಚಿಸಬಹುದು, ಗೌರವಿಸುವಂತಿಲ್ಲ.

ವುಲ್ಫ್ ಈ ಗ್ರಂಥವನ್ನು ಕಲಾದೃಷ್ಟಿಯಿಂದ ನೀರಸವೆಂದೇ ಬಗೆದಳು. ಹಾಗೆ ಬಗೆದೂ, ಫಾರ್ಸ್ಟರನೊಡನೆ ಪತ್ರಿಕೆಗೆ ಪ್ರತಿಭಟನೆಯ ಪತ್ರವನ್ನು ಬರೆದಳು, ಸಾಕ್ಷಿಯಾಗಿಯೂ ಬಂದಳು. ಅದೇ ಶರತ್ಕಾಲದಲ್ಲಿ ಕೇಂಬ್ರಿಜಿನ ಮಹಿಳಾ ಕಾಲೇಜುಗಳಲ್ಲಿ ಮಾಡಿದ ಉಪನ್ಯಾಸಗಳನ್ನು 1929ರಲ್ಲಿ ‘ಎ ರೂಂ ಆಫ್ ಒನ್ಸ್ ಓನ್’ ಎಂಬ ಪ್ರಬಂಧವಾಗಿ ಪ್ರಕಟಿಸಿದಳು. ಅಲ್ಲಿ ಒಂದು ಕಲ್ಪಿತ ಕಾದಂಬರಿಯಲ್ಲಿ ಕ್ಲೋಯಿ ಎಂಬಾಕೆಗೆ ಒಲಿವಿಯಾ ಇಷ್ಟವೆಂಬ ಸಂಗತಿಯನ್ನು ಹೇಳುವುದಕ್ಕೆ ಮುಂಚೆ, ಪರದೆಯ ಹಿಂದೆ ಸರ್ ಚಾರ್ಟ್ರಿಸ್ ಬೈರನ್ ಅವಿತಿಲ್ಲವಷ್ಟೆ ಎಂದು ಕೇಳಿಕೊಳ್ಳುತ್ತಾಳೆ. ಕೇಳುತ್ತಿದ್ದವರು ನಕ್ಕಿರಬೇಕು. ‘ಒರ್ಲ್ಯಾಂಡೊ’ ಕಲಾಕೃತಿಯಾಗಿ ಹಾಲಳ ಗ್ರಂಥಕ್ಕಿಂತ ಎಷ್ಟೋ ಮೇಲು, ಇದರಲ್ಲಿ ವಿವಾದವಿಲ್ಲ. ಆದರೆ ಅದರ ಗುಟ್ಟನ್ನು ಗುರುತಿಸಿದವರು ಮೊದಲೇ ಗುಟ್ಟನ್ನು ಬಲ್ಲವರು. ಊರಿನ ಮೂಲೆಯಲ್ಲಿ, ತನ್ನಂಥವಳು ಜಗತ್ತಿನಲ್ಲಿ ಮತ್ತೊಬ್ಬಳಿಲ್ಲವೆಂದು ತಿಳಿದಿದ್ದ ಹುಡುಗಿಗೆ ‘ಒರ್ಲ್ಯಾಂಡೊ’ ಒಂದು ಸೊಗಸಾದ ಕಟ್ಟುಕಥೆ. ‘ಒಂಟಿತನದ ಬಾವಿ’ಯೋ ಅವಳ ಹೆಸರನ್ನು ಹಿಡಿದು ಕರೆಯಿತು. ಅಪರಿಚಿತ ಓದುಗರ ಪತ್ರಗಳು ಗ್ರಂಥಕರ್ತ್ರಿಗೆ ರಾಶಿಯಾಗಿ ಬಂದುವು.

ತೀರ್ಪು ಗ್ರಂಥವನ್ನು ಅಡಗಿಸುವುದಕ್ಕೆ ಬದಲಾಗಿ ಮೆರೆಸಿತು. ಅಮೆರಿಕದಲ್ಲಿ ಕೆಳಗಿನ ನ್ಯಾಯಾಧೀಶನು ಅಶ್ಲೀಲವೆಂದನಾದರೂ 1929ರ ಏಪ್ರಿಲಿನಲ್ಲಿ ಮೇಲಿನ ಪೀಠವು ಬಿಡುಗಡೆಮಾಡಿ, ಪುಸ್ತಕವು ಧಾರಾಳವಾಗಿ ಮಾರಾಟವಾಯಿತು. ಇಂಗ್ಲೆಂಡಿನಲ್ಲಿ 1949ರಲ್ಲಿ ಮತ್ತೆ ಅಚ್ಚಾದಾಗ ಯಾರೂ ಅಡ್ಡಿಬರಲಿಲ್ಲ, 1974ರಲ್ಲಿ ಬಿ.ಬಿ.ಸಿ. ರೇಡಿಯೊ ಅದನ್ನು ರಾತ್ರಿಯ ಮಲಗುವ ಹೊತ್ತಿನ ಕಥೆಯಾಗಿ ಓದಿಸಿತು. ಇನ್ನೊಂದು ಪರಿಣಾಮವುಂಟು. 1920ರ ಅನಂತರದ ವರ್ಷಗಳಲ್ಲಿ ಕತ್ತರಿಸಿದ ಕೂದಲು, ಗಂಡು ಅಂಗಿ, ಕೊರಳಪಟ್ಟಿಗಳು ಲಂಡನ್ನಿನ ಹೆಂಗಸರಲ್ಲಿ ಕೇವಲ ಹೊಸ ಸೊಗಸಾಗಿದ್ದುವು. ಮೊಕದ್ದಮೆಯ ಕಾಲದಲ್ಲಿ ಹಾಲಳ ಭಾವಚಿತ್ರವು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬಂದ ಬಳಿಕ ಆ ಉಡುಪೇ ಒಂದು ಸಂಕೇತವಾಯಿತು. ಗೆಳತಿಯರು ಒಬ್ಬರನ್ನೊಬ್ಬರು ಗುರುತಿಸಲು ಅನುಕೂಲವಾಯಿತು. ಜರೆಯುವವರಿಗೂ ಅಷ್ಟೇ ಅನುಕೂಲವಾಯಿತು. ಕಾಣಿಸಿಕೊಳ್ಳುವುದೆಂದರೆ ಎರಡು ಬಗೆಯ ಕಣ್ಣಿಗೂ ಬೀಳುವುದು.

ಹಿಕ್ಲಿನ್ನನ ಸೂತ್ರವು ಕಡಲನ್ನು ದಾಟಿ ಇಂಡಿಯಾಕ್ಕೂ ಬಂದಿತ್ತು. ಲಾಹೋರಿನ ‘ಅದಬ್-ಎ-ಲತೀಫ್’ ಪತ್ರಿಕೆಯಲ್ಲಿ 1942ರಲ್ಲಿ ಪ್ರಕಟವಾದ ಇಸ್ಮತ್ ಚುಗ್ತಾಯಿಯ ಉರ್ದು ಸಣ್ಣಕಥೆ ‘ಲಿಹಾಫ್’ ಮೇಲೆ 1944ರಲ್ಲಿ ಅಶ್ಲೀಲತೆಯ ಆರೋಪ ಬಂದಿತು. ಕಥೆ ಚಿಕ್ಕದು. ತರುಣರಲ್ಲಿ ಆಸಕ್ತನಾದ ನವಾಬನಿಂದ ಉಪೇಕ್ಷಿತಳಾದ ಬೇಗಂ ಜಾನ್. ಅವಳ ಮೈ ತಿಕ್ಕುವ ದಾಸಿ ರಬ್ಬೂ. ಆ ಕೋಣೆಯಲ್ಲಿ ಮಲಗುವ ಒಬ್ಬ ಪುಟ್ಟ ಹುಡುಗಿ. ರಾತ್ರಿ ಗೋಡೆಯ ಮೇಲೆ ರಜಾಯಿಯ ನೆರಳು ಆನೆಯಂತೆ ಅಲುಗಾಡುವುದನ್ನು ಆಕೆ ಕಾಣುತ್ತಾಳೆ, ಕಂಡದ್ದೇನೆಂದು ಅರಿಯಳು. ಕಥೆಯನ್ನು ಹೇಳುವವಳೂ ಅವಳೇ. ಧ್ವನಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ: ಹೇಳುವವಳಿಗೇ ತಿಳಿಯದ ಅರ್ಥವು ಕೇಳುವವನಿಗೆ ತಿಳಿಯುತ್ತದೆ. ಲಾಹೋರಿನ ನ್ಯಾಯಸ್ಥಾನದಲ್ಲಿ ಯಾವ ಪದ ಅಶ್ಲೀಲವೆಂದು ವಕೀಲನು ಕೇಳಿದನು, ಸಾಕ್ಷಿಗಳು ತಡವರಿಸಿದರು, ಒಬ್ಬನು ಪ್ರಣಯಿ ಎಂಬರ್ಥದ ‘ಆಶಿಕ್’ ಶಬ್ದವನ್ನು ಹಿಡಿದುಕೊಂಡು ಪೇಚಿಗೆ ಸಿಕ್ಕಿದನು. ಕ್ಷಮೆ ಬೇಡೆಂದು ಕೆಲವರು ಕೊಟ್ಟ ಸಲಹೆಯನ್ನು ತಿರಸ್ಕರಿಸಿದ್ದ ಲೇಖಕಿ ನಿರ್ದೋಷಿಯಾಗಿ ಮನೆಗೆ ಬಂದಳು. ಸಮನ್ಸು ವಾಚ್ಯಾರ್ಥಕ್ಕೆ ತಲಪುತ್ತದೆ, ವ್ಯಂಗ್ಯಾರ್ಥಕ್ಕೆ ತಲಪುವುದಿಲ್ಲ.

‘ಲಿಹಾಫ್’ ಕಲೆಯ ದೃಷ್ಟಿಯಿಂದ ಹಾಲಳ ಗ್ರಂಥವನ್ನು ಸುಲಭವಾಗಿ ಮೀರುತ್ತದೆ. ಆದರೂ ಒಂದು ಆಕ್ಷೇಪಣೆಯನ್ನು ಎತ್ತಬೇಕಾಗಿದೆ. ಅಲ್ಲಿಯ ಪ್ರೇಮವು ಗಂಡನ ಉಪೇಕ್ಷೆಯಿಂದ ಹುಟ್ಟಿದ ಹಸಿವು. ಹುಡುಗಿಯ ಕಣ್ಣಿಗೆ ಅದು ಭಯಂಕರವೂ ಹೌದು. 1996ರಲ್ಲಿ ದೀಪಾ ಮೆಹ್ತಾ ತೆಗೆದ ‘ಫೈರ್’ ಚಲಚ್ಚಿತ್ರದಲ್ಲಿಯೂ ಈ ಕಥೆಯ ಛಾಯೆಯನ್ನು ಅನೇಕರು ಕಂಡಿದ್ದಾರೆ. ಅಲ್ಲಿ ರಾಧಾ, ಸೀತಾ ಎಂಬ ಓರಗಿತ್ತಿಯರಲ್ಲಿ ಒಬ್ಬಳ ಗಂಡ ಬ್ರಹ್ಮಚರ್ಯದ ವ್ರತಸ್ಥ, ಇನ್ನೊಬ್ಬಳ ಗಂಡ ಪರಸ್ತ್ರೀಯಲ್ಲಿ ಆಸಕ್ತ. ಗಂಡಂದಿರು ನೆಟ್ಟಗಿದ್ದಿದ್ದರೆ ಈ ಪ್ರೇಮವು ಹುಟ್ಟುತ್ತಲೇ ಇರಲಿಲ್ಲವೆಂದು ಹೇಳುವವರಿಗೆ ಎರಡು ಕೃತಿಗಳೂ ಎಡೆಗೊಡುತ್ತವೆ. ಹಾಲ್ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕಳು: ಸ್ಟೀಫನ್ನಳಿಗೆ ಯಾವ ಗಂಡಸೂ ಅನ್ಯಾಯ ಮಾಡಿಲ್ಲ, ಆಕೆಯನ್ನು ಬಯಸಿಬಂದ ಮಾರ್ಟಿನ್ ಸಜ್ಜನ. ಆಕೆ ಇರುವುದೇ ಹಾಗೆ.

‘ಫೈರ್’ 1998ರ ಕೊನೆಯಲ್ಲಿ ಇಂಡಿಯಾದಲ್ಲಿ ತೆರೆಕಂಡಾಗ ಮುಂಬಯಿ, ದೆಹಲಿಗಳ ಚಿತ್ರಮಂದಿರಗಳ ಮೇಲೆ ದಾಳಿ ನಡೆಯಿತು. ಇಂಥ ಸಂಬಂಧಕ್ಕೆ ನಮ್ಮ ಭಾಷೆಯಲ್ಲಿ ಶಬ್ದವೇ ಇಲ್ಲವೆಂದು ಚಿತ್ರದಲ್ಲಿ ಸೀತಾ ಹೇಳುವುದುಂಟು. ಆ ಡಿಸೆಂಬರಿನಲ್ಲಿ ದೆಹಲಿಯ ಬೀದಿಯಲ್ಲಿ ದೀಪ ಹಿಡಿದು ನಿಂತವರ ನಡುವೆ ಕೆಲವು ಸ್ತ್ರೀಯರು, ತಾವು ಭಾರತೀಯರೂ ಹೌದು ಲೆಸ್ಬಿಯನ್ನರೂ ಹೌದು ಎಂದು ಬರೆದ ಫಲಕಗಳನ್ನು ಎತ್ತಿಹಿಡಿದರು. ಚಿತ್ರವು ಹೇಳದೆ ಬಿಟ್ಟ ಶಬ್ದವನ್ನು ಬೀದಿಯು ಹೇಳಿತು. ಮರುವರ್ಷ ಅಶ್ವಿನಿ ಸುಖ್ತಂಕರ್ ಸಂಪಾದಿಸಿದ ‘ಫೇಸಿಂಗ್ ದಿ ಮಿರರ್’ ಸಂಕಲನದಲ್ಲಿ ಇಂಡಿಯಾದ ಇಂಥ ಸ್ತ್ರೀಯರ ಬರಹಗಳು ಒಂದೆಡೆ ಸೇರಿದುವು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ದಂಡಸಂಹಿತೆಯ 377ನೆಯ ವಿಧಿಯಿಂದ ಪ್ರಾಪ್ತವಯಸ್ಕರ ಸಮ್ಮತಿಯ ಸಂಬಂಧಗಳನ್ನು ಹೊರತುಪಡಿಸಿತು. 2023ರಲ್ಲಿ ವಿವಾಹದ ಹಕ್ಕನ್ನು ಕೊಡಲು ಒಪ್ಪಲಿಲ್ಲ. ಕನ್ನಡದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಪುರುಷರ ಕಡೆಯ ಕಥೆಯನ್ನು ಮನೆಮಾತಿನಲ್ಲಿ, ಮರೆಯಿಲ್ಲದೆ, ಹಾಸ್ಯವನ್ನೂ ಬಿಡದೆ ಹೇಳಿತು. ವಾಚ್ಯವು ಹಾಲಳ ಕೈಯಲ್ಲಿ ಪಡೆದ ಭಾರವನ್ನು ಹೊತ್ತೇ ತೀರಬೇಕೆಂಬ ನಿಯಮವಿಲ್ಲ.

ಹಾಲಳ ಗ್ರಂಥಕ್ಕೆ ಹಿಂತಿರುಗಿದರೆ, ಅದನ್ನು ಪ್ರೀತಿಸಬೇಕಾದವರೇ ಅದರೊಡನೆ ಜಗಳವಾಡುತ್ತ ಬಂದಿದ್ದಾರೆ. 1970ರ ಅನಂತರದ ಸ್ತ್ರೀವಾದಿಗಳಲ್ಲಿ ಹಲವರಿಗೆ ಅದರ ದುಃಖವೂ ಗಂಡಸುತನದ ಮೋಹವೂ ನಾಚಿಕೆಯನ್ನುಂಟುಮಾಡಿದುವು. ಸ್ಟೀಫನ್ ಹೆಂಗಸರನ್ನು ಪ್ರೀತಿಸುವ ಹೆಂಗಸಲ್ಲ, ಹೆಣ್ಣಿನ ಮೈಯಲ್ಲಿ ಸಿಕ್ಕಿದ ಗಂಡೆಂದು ಅನಂತರದ ಕೆಲವು ವಿಮರ್ಶಕರು ಓದಿದರು. ಎರಡಕ್ಕೂ ಗ್ರಂಥದಲ್ಲಿ ಆಧಾರವುಂಟು. ಆದರೆ ಅದರ ಮೂಲದೋಷವು ಬೇರೊಂದು ಕಡೆ ಇದೆ. ಅದು ಮೇರಿ ಲೆವೆಲಿನ್ನಳ ವಿಷಯ. ಮಾತಿಲ್ಲದವರಿಗೆ ಮಾತು ಕೊಡಲು ಹೊರಟ ಕಾದಂಬರಿಯಲ್ಲಿ ಮೇರಿಗೆ ಮಾತಿಲ್ಲ. ಅವಳು ಕಾಯುತ್ತಾಳೆ, ಅಳುತ್ತಾಳೆ, ಅಂಗಿ ಹೊಲಿಗೆ ಹಾಕುತ್ತಾಳೆ; ಅವಳ ಹಿತವನ್ನು ಸ್ಟೀಫನ್ ಮತ್ತು ಮಾರ್ಟಿನ್ ಇಬ್ಬರೇ ತಮ್ಮೊಳಗೆ ತೀರ್ಮಾನಿಸುತ್ತಾರೆ, ಆಸ್ತಿಯ ವ್ಯಾಜ್ಯದಂತೆ. ತ್ಯಾಗವೆಂದು ಗ್ರಂಥಕರ್ತ್ರಿ ಕೊಂಡಾಡುವ ಆ ಸುಳ್ಳು ವಾಸ್ತವವಾಗಿ ಸರ್ ಫಿಲಿಪ್ಪನ ಬೀಗವೇ. ತಂದೆಯು ಮಗಳಿಗೆ ಮಾಡಿದ್ದನ್ನು ಮಗಳು ಪ್ರಿಯೆಗೆ ಮಾಡುತ್ತಾಳೆ. ತಿಳಿದವಳು ತಿಳಿಸದೆ, ಪ್ರೀತಿಯ ಹೆಸರಿನಲ್ಲಿ. ಮೊದಲನೆಯದನ್ನು ಅಷ್ಟು ನಿಷ್ಕರುಣೆಯಿಂದ ಕಂಡ ಲೇಖಕಿಗೆ ಎರಡನೆಯದು ಕಾಣಲಿಲ್ಲ.

ಮೇರಿಯ ಕಡೆಯಿಂದ ಕಥೆ ಹೇಳಿದವಳು ಬೇರೊಬ್ಬಳು. ಅಮೆರಿಕದ ಪೆಟ್ರೀಷಿಯಾ ಹೈಸ್ಮಿತ್ ‘ದಿ ಪ್ರೈಸ್ ಆಫ್ ಸಾಲ್ಟ್’ ಎಂಬ ಕಾದಂಬರಿಯನ್ನು 1952ರಲ್ಲಿ ಕ್ಲೇರ್ ಮಾರ್ಗನ್ ಎಂಬ ಸುಳ್ಳುಹೆಸರಿನಿಂದ ಪ್ರಕಟಿಸಿದಳು. ತನ್ನ ಹೆಸರನ್ನಿಟ್ಟದ್ದು 1990ರಲ್ಲಿ, ಅದು ‘ಕ್ಯಾರಲ್’ ಎಂಬ ಹೊಸ ಶೀರ್ಷಿಕೆಯಿಂದ ಹೊರಬಂದಾಗ. ಅಂಗಡಿಯಲ್ಲಿ ಬೊಂಬೆ ಮಾರುವ ತೆರೇಸ್ ಎಂಬ ಹುಡುಗಿ ಕೊಳ್ಳಲು ಬಂದ ಕ್ಯಾರಲ್ ಎಂಬ ಹಿರಿಯ ಗೃಹಿಣಿಯನ್ನು ಕಾಣುತ್ತಾಳೆ. ಈ ಪ್ರೇಮ ಏಕೆ ಹುಟ್ಟಿತೆಂಬುದಕ್ಕೆ ವೈದ್ಯನ ಪ್ರಮಾಣವಿಲ್ಲ, ದೇವರಲ್ಲಿ ಮೊರೆಯಿಲ್ಲ. ತೊಂದರೆಗಳಿಗೇನೂ ಕೊರತೆಯಿಲ್ಲ: ಕ್ಯಾರಲ್ಲಳ ಗಂಡನು ಗೂಢಚಾರನನ್ನು ಹಚ್ಚಿ ಸಾಕ್ಷ್ಯವನ್ನು ಕೂಡಿಸಿ ಮಗಳನ್ನು ಅವಳಿಂದ ಕಿತ್ತುಕೊಳ್ಳುತ್ತಾನೆ, ಅವಳು ತೆರೇಸಳನ್ನು ಬಿಡಬೇಕಾಗಿ ಬರುತ್ತದೆ. ಆದರೆ ಕೊನೆಯ ತೀರ್ಮಾನವನ್ನು ಕಾದಂಬರಿ ಕಿರಿಯವಳ ಕೈಯಲ್ಲಿಡುತ್ತದೆ. ಮತ್ತೆ ಒಟ್ಟಿಗೆ ಬಾಳೋಣವೆಂಬ ಕ್ಯಾರಲ್ಲಳ ಕೋರಿಕೆಗೆ ತೆರೇಸ್ ಮೊದಲು ಒಲ್ಲೆನೆನ್ನುತ್ತಾಳೆ. ಆ ಸಂಜೆ ಒಂದು ಕೂಟಕ್ಕೆ ಹೋಗಿ, ಅಲ್ಲಿ ಮನಸ್ಸು ನಿಲ್ಲದೆ, ಕ್ಯಾರಲ್ ಊಟಮಾಡುತ್ತಿರುವ ಉಪಾಹಾರಗೃಹವನ್ನು ಹುಡುಕಿಕೊಂಡು ಬರುತ್ತಾಳೆ. ದೂರದ ಮೇಜಿನಿಂದ ಕ್ಯಾರಲ್ ತಲೆಯೆತ್ತಿ ನೋಡಿ ಗುರುತಿಸುತ್ತಾಳೆ. ತೆರೇಸ್ ಅವಳ ಕಡೆಗೆ ನಡೆಯುತ್ತಾಳೆ. ಕಾದಂಬರಿ ಅಲ್ಲಿಗೆ ಮುಗಿಯುತ್ತದೆ.